ಸುನೀಲ್ ಜೋಶಿ: ಗದಗದ ಮೈದಾನದಿಂದ ಭಾರತ ತಂಡದವರೆಗೆ

(ಶಾಲೆಯ ಸುವರ್ಣ ಮಹೋತ್ಸವದ ಎರಡನೆಯ ದಿನ ವಿದ್ಯಾರ್ಥಿಗಳು, ಪಾಲಕರು ಹಾಗೂ ಹಳೆಯ ವಿದ್ಯಾರ್ಥಿಗಳ ಸಭೆಯಲ್ಲಿ ಮಾಡಿದ ಭಾಷಣ)



ಈ ಶಾಲೆಯಿಂದ ಹತ್ತನೆಯ ತರಗತಿ ಮುಗಿಸಿಕೊಂಡು ಹೋದ ಮೊದಮೊದಲ ತಂಡಗಳಲ್ಲಿ ನಾನೂ ಒಬ್ಬ. ಮುಂದೆ ಮೂವತ್ತು ವರ್ಷ ಬೇರೆ ಬೇರೆ ಸರಕಾರಿ ಪ್ರೌಢಶಾಲೆಗಳಲ್ಲಿ ದೈಹಿಕ ಶಿಕ್ಷಣ ಶಿಕ್ಷಕನಾಗಿದ್ದೆ. ಕ್ರೀಡೆಯ ಬಗ್ಗೆ ಮಾತನಾಡಿರಿ ಎಂದು ಸಂಘಟಕರು ಕೇಳಿಕೊಂಡಿದ್ದಾರೆ. ಕ್ರೀಡೆಯ ಮಹತ್ವ ಎಂದು ಪ್ರಬಂಧ ಓದಿದರೆ ಮಕ್ಕಳು ಆಕಳಿಸುತ್ತಾರೆ. ಅದರ ಬದಲು ನಮ್ಮ ಗದಗದವರೇ ಆದ ಒಬ್ಬ ಆಟಗಾರನ ಬದುಕನ್ನು ಹೇಳುತ್ತೇನೆ. ಕೊನೆಗೆ ಹಿರಿಯರಲ್ಲಿ ಎರಡು ಬೇಡಿಕೆ ಇಡುತ್ತೇನೆ.

ಮಕ್ಕಳೇ, ಕ್ರಿಕೆಟ್ ಆಟಗಾರರ ಹೆಸರು ಹೇಳಿ ಎಂದರೆ ನೀವು ಕೊಹ್ಲಿ, ರಾಹುಲ್, ಬೂಮ್ರಾ ಎನ್ನುತ್ತೀರಿ. ಸ್ವಲ್ಪ ಹಿಂದಿನವರು ದ್ರಾವಿಡ್, ಕುಂಬ್ಳೆ ಎನ್ನುತ್ತಾರೆ. ಸುನೀಲ್ ಜೋಶಿ ಎಂಬ ಹೆಸರು ನಿಮ್ಮಲ್ಲಿ ಹಲವರಿಗೆ ಗೊತ್ತಿರಲಿಕ್ಕಿಲ್ಲ. ಅವರು ಹುಟ್ಟಿದ್ದು 1970ರ ಜೂನ್ 6ರಂದು, ಗದಗದಲ್ಲಿ. ಆಗ ಗದಗ ಇನ್ನೂ ಜಿಲ್ಲೆಯಾಗಿರಲಿಲ್ಲ, ಧಾರವಾಡ ಜಿಲ್ಲೆಗೆ ಸೇರಿತ್ತು. ದೊಡ್ಡ ಪಂದ್ಯಗಳಿರಲಿ, ಒಳ್ಳೆಯ ತರಬೇತಿ ಬೇಕಾದರೂ ಹುಬ್ಬಳ್ಳಿಗೇ ಹೋಗಬೇಕಿತ್ತು. ಹುಡುಗನಾಗಿದ್ದ ಜೋಶಿ ಅದನ್ನೇ ಮಾಡಿದರು. ಮುಂಜಾನೆ ಹುಬ್ಬಳ್ಳಿಗೆ ಹೋಗಿ ಅಭ್ಯಾಸ ಮಾಡಿ, ಶಾಲೆಯ ಹೊತ್ತಿಗೆ ಮತ್ತೆ ಗದಗಕ್ಕೆ ಬರುತ್ತಿದ್ದರು. ಹುಲಕೋಟಿ, ಅಣ್ಣಿಗೇರಿ ದಾಟಿ ಹುಬ್ಬಳ್ಳಿ ಸೇರಲು ಸುಮಾರು 60 ಕಿಲೋಮೀಟರ್. ಹೋಗಿಬರಲು ದಿನಕ್ಕೆ 120 ಕಿಲೋಮೀಟರ್. ಲೆಕ್ಕ ನೀವೇ ಹಾಕಿ: ವಾರಕ್ಕೆ ಆರು ದಿನ ಹೋದರೆ ಎಷ್ಟಾಯಿತು? 720 ಕಿಲೋಮೀಟರ್. ಇಷ್ಟು ಓಡಾಟ ನಡೆದದ್ದು ಮುಂದೊಂದು ದಿನ ಭಾರತ ತಂಡಕ್ಕೆ ಆಡುತ್ತೇನೆ ಎಂಬ ಯಾವ ಖಾತರಿಯೂ ಇಲ್ಲದಾಗ.

ಅವರು ಎಡಗೈ ಸ್ಪಿನ್ನರ್. ಬ್ಯಾಟನ್ನೂ ಎಡಗೈಯಲ್ಲೇ ಹಿಡಿಯುತ್ತಿದ್ದರು. ಈ ಬೌಲಿಂಗಿನ ಗುಟ್ಟನ್ನು ಎರಡು ಮಾತಲ್ಲಿ ಹೇಳುತ್ತೇನೆ. ಬಲಗೈ ಬ್ಯಾಟ್ಸ್‌ಮನ್‌ಗೆ ಎಡಗೈ ಸ್ಪಿನ್ನರ್ ಹಾಕಿದ ಚೆಂಡು ನೆಲಕ್ಕೆ ಬಿದ್ದು ಹೊರಕ್ಕೆ ತಿರುಗುತ್ತದೆ. ನಾಲ್ಕು ಚೆಂಡು ಹಾಗೆ ತಿರುಗಿಸಿ, ಐದನೆಯದನ್ನು ಅದೇ ಕೈಯಿಂದ, ಅದೇ ಓಟದಿಂದ ತಿರುಗಿಸದೆ ನೇರವಾಗಿ ಒಳಗೆ ಬಿಟ್ಟರೆ ಬ್ಯಾಟ್ಸ್‌ಮನ್ ಮೋಸಹೋಗುತ್ತಾನೆ. ಆದರೆ ಆ ಐದನೆಯ ಚೆಂಡಿಗೆ ಬೆಲೆ ಬರುವುದು ಮೊದಲಿನ ನಾಲ್ಕು ಒಂದೇ ಜಾಗಕ್ಕೆ ಬಿದ್ದಾಗ. ಒಂದೇ ಜಾಗಕ್ಕೆ ಹಾಕುವುದು ಹುಟ್ಟಿನಿಂದ ಬರುವುದಿಲ್ಲ. ಸಾವಿರ ಸಲ ಹಾಕಿದ ಮೇಲೆ ಬರುತ್ತದೆ.

1992–93ರ ಋತುವಿನಲ್ಲಿ ಜೋಶಿ ಕರ್ನಾಟಕ ರಾಜ್ಯ ತಂಡಕ್ಕೆ ಬಂದರು. ಆ ಕಾಲದ ಕರ್ನಾಟಕ ತಂಡ ಎಂದರೆ ಹುಡುಗಾಟವಲ್ಲ. ಶ್ರೀನಾಥ್, ವೆಂಕಟೇಶ್ ಪ್ರಸಾದ್, ಕುಂಬ್ಳೆ, ದ್ರಾವಿಡ್ ಎಲ್ಲ ಅಲ್ಲೇ ಇದ್ದರು. ಉತ್ತರ ಕರ್ನಾಟಕದ ಊರೊಂದರಿಂದ ಬಂದವನಿಗೆ ಅವರ ನಡುವೆ ಜಾಗ ಸಿಗಬೇಕಾದರೆ ಕೈಯಲ್ಲಿ ಕಸುಬು ಇರಬೇಕಿತ್ತು. 1995–96ರ ರಣಜಿ ಋತುವಿನಲ್ಲಿ ಜೋಶಿ 50ಕ್ಕೂ ಹೆಚ್ಚು ವಿಕೆಟ್ ತೆಗೆದು, 500ಕ್ಕೂ ಹೆಚ್ಚು ರನ್ ಹೊಡೆದರು. ಆ ವರ್ಷ ರಣಜಿ ಟ್ರೋಫಿ ಕರ್ನಾಟಕಕ್ಕೆ ಬಂತು. ಮುಂದೆ 1997–98ರಲ್ಲಿ, 1998–99ರಲ್ಲಿ ಮತ್ತೆ ಬಂತು.

ಆ ಸಾಧನೆಯೇ ಅವರನ್ನು 1996ರಲ್ಲಿ ಇಂಗ್ಲೆಂಡ್ ಪ್ರವಾಸಕ್ಕೆ ಕರೆದೊಯ್ದಿತು. ಬರ್ಮಿಂಗ್‌ಹ್ಯಾಮ್‌ನಲ್ಲಿ ಮೊದಲ ಟೆಸ್ಟ್. ತಾರೀಖು ಜೂನ್ 6. ಅಂದರೆ ತಮ್ಮ 26ನೆಯ ಹುಟ್ಟುಹಬ್ಬದ ದಿನವೇ ಗದಗದ ಹುಡುಗ ಭಾರತದ ಟೋಪಿ ಧರಿಸಿದರು. ಅಂದು ಭಾರತದ ಹನ್ನೊಂದು ಮಂದಿಯಲ್ಲಿ ನಾಲ್ವರು ಕರ್ನಾಟಕದವರು: ಶ್ರೀನಾಥ್, ಪ್ರಸಾದ್, ಕುಂಬ್ಳೆ, ಜೋಶಿ. ನಾಲ್ವರೂ ಬೌಲರ್‌ಗಳು. ಆದರೆ ಏನಾಯಿತು ನೋಡಿ. ಆ ಪಂದ್ಯದಲ್ಲಿ ಜೋಶಿಯವರ ಬೆರಳಿಗೆ ಪೆಟ್ಟಾಯಿತು. ಬೌಲರ್ ಎಂದು ಆಯ್ಕೆಯಾದವರು ಒಂದು ಚೆಂಡನ್ನೂ ಹಾಕದೆ ಮೊದಲ ಟೆಸ್ಟ್ ಮುಗಿಸಿದರು. ಇಷ್ಟು ವರ್ಷ ಕಾದು, ಬಾಗಿಲು ತೆರೆದ ದಿನವೇ ಬೆರಳು ಕೈಕೊಟ್ಟಿತು. ಬೇರೆಯವರಾಗಿದ್ದರೆ ಹಣೆಬರಹ ಎಂದು ಕೈಚೆಲ್ಲುತ್ತಿದ್ದರೇನೋ. ಇವರು ಗಾಯ ವಾಸಿಮಾಡಿಕೊಂಡು ಮರಳಿ ಬಂದರು.

ಇನ್ನು ನಾನು ಎಲ್ಲ ಶಾಲೆಗಳಲ್ಲೂ ಕಪ್ಪುಹಲಗೆಯ ಮೇಲೆ ಬರೆದು ತೋರಿಸಿದ ನಾಲ್ಕು ಅಂಕಿ ಹೇಳುತ್ತೇನೆ: 10, 6, 6, 5. 1999ರ ಸೆಪ್ಟೆಂಬರ್ 26, ಕೆನ್ಯಾ ದೇಶದ ನೈರೋಬಿ, ಎದುರಾಳಿ ದಕ್ಷಿಣ ಆಫ್ರಿಕಾ. ಜೋಶಿ 10 ಓವರ್ ಹಾಕಿದರು. ಅದರಲ್ಲಿ 6 ಓವರ್ ಮೇಡನ್. ಕೊಟ್ಟದ್ದು 6 ರನ್. ತೆಗೆದದ್ದು 5 ವಿಕೆಟ್. ಮರುದಿನ ಪತ್ರಿಕೆ ನೋಡಿದ ನನ್ನ ಸಹೋದ್ಯೋಗಿಯೊಬ್ಬರು, "ಏನ್ರೀ ಇದು, ಅಚ್ಚಿನ ತಪ್ಪಿರಬೇಕು" ಅಂದಿದ್ದರು. ಅಚ್ಚು ಸರಿಯೇ ಇತ್ತು. ಗಿಬ್ಸ್, ಕ್ರೋನಿಯೆ, ರೋಡ್ಸ್‌ರಂಥ ಬ್ಯಾಟ್ಸ್‌ಮನ್‌ಗಳಿದ್ದ ತಂಡ 117 ರನ್ನಿಗೆ ಮುಗಿದುಹೋಯಿತು. 60 ಚೆಂಡಿನಲ್ಲಿ 6 ರನ್ ಎಂದರೆ, ಕನಿಷ್ಠ 54 ಚೆಂಡುಗಳಿಗೆ ಒಂದು ರನ್ನೂ ಬಂದಿಲ್ಲ. ಒಂದು ದಿನದ ಪಂದ್ಯದಲ್ಲಿ ಇಂಥ ಬೌಲಿಂಗ್ ಬಲು ಅಪರೂಪ. ಮೊದಲೇ ಹೇಳಿದೆನಲ್ಲ, ಒಂದೇ ಜಾಗಕ್ಕೆ ಹಾಕುವ ವಿದ್ಯೆ, ಅದರ ಫಲ ಇದು.

ಮುಂದಿನ ವರ್ಷ, 2000ದ ನವೆಂಬರ್‌ನಲ್ಲಿ ಢಾಕಾದಲ್ಲಿ ಬಾಂಗ್ಲಾದೇಶ ತನ್ನ ಮೊಟ್ಟಮೊದಲ ಟೆಸ್ಟ್ ಆಡಿತು. ಸೌರವ್ ಗಂಗೂಲಿಗೆ ಟೆಸ್ಟ್ ನಾಯಕನಾಗಿ ಅದೇ ಮೊದಲ ಪಂದ್ಯ. ಬಾಂಗ್ಲಾದೇಶ 400 ರನ್ ಹೊಡೆದು ಎಲ್ಲರನ್ನೂ ಬೆರಗುಗೊಳಿಸಿತು. ಆ ಇನಿಂಗ್ಸಿನಲ್ಲಿ ಜೋಶಿ 5 ವಿಕೆಟ್ ತೆಗೆದರು. ಬ್ಯಾಟಿಂಗಿಗೆ ಬಂದಾಗ ಭಾರತ ಸಂಕಟದಲ್ಲಿತ್ತು. ಗಂಗೂಲಿ ಜೊತೆ ನಿಂತು ತಂಡವನ್ನು ದಡ ಸೇರಿಸಿದರು. 92 ರನ್, ಶತಕಕ್ಕೆ ಎಂಟು ಕಡಿಮೆ. ಭಾರತ 429 ತಲುಪಿತು. ಎರಡನೆಯ ಇನಿಂಗ್ಸಿನಲ್ಲಿ ಬಾಂಗ್ಲಾದೇಶ 91ಕ್ಕೆ ಕುಸಿಯಿತು, ಅದರಲ್ಲಿ ಜೋಶಿಗೆ ಮತ್ತೆ 3 ವಿಕೆಟ್. ಪಂದ್ಯಪುರುಷ ಪ್ರಶಸ್ತಿ ಅವರದೇ ಆಯಿತು.

ಇಷ್ಟೆಲ್ಲ ಆದ ಮೇಲೆ ತಂಡದಲ್ಲಿ ಅವರ ಜಾಗ ಗಟ್ಟಿಯಾಯಿತು ಎಂದು ನೀವು ಭಾವಿಸಿರಬಹುದು. ಹಾಗಾಗಲಿಲ್ಲ. 2001ರಲ್ಲಿ ಆಸ್ಟ್ರೇಲಿಯಾ ತಂಡ ಬಂದಾಗ ಹರಭಜನ್ ಸಿಂಗ್ ಎಂಬ ಯುವಕ 3 ಟೆಸ್ಟ್‌ಗಳಲ್ಲಿ 32 ವಿಕೆಟ್ ತೆಗೆದ. ಗಾಯದಿಂದ ಚೇತರಿಸಿಕೊಂಡ ಮೇಲೆ ಕುಂಬ್ಳೆ ಇದ್ದೇ ಇದ್ದರು. ಆ ವರ್ಷದ ನಂತರ ಜೋಶಿಗೆ ಭಾರತದ ಪರ ಆಡುವ ಅವಕಾಶ ಬರಲಿಲ್ಲ. ಒಟ್ಟು 15 ಟೆಸ್ಟ್, 41 ವಿಕೆಟ್. 69 ಒಂದು ದಿನದ ಪಂದ್ಯ, 69 ವಿಕೆಟ್. ಆಗ ಅವರಿಗೆ ಮೂವತ್ತು ವಯಸ್ಸು.

ಮಕ್ಕಳೇ, ನನಗೆ ಅವರ ಬಗ್ಗೆ ಹೆಚ್ಚು ಗೌರವ ಬರುವುದು ಇಲ್ಲಿಂದ ಮುಂದೆ. ಭಾರತ ತಂಡದ ಬಾಗಿಲು ಮುಚ್ಚಿದ ಮೇಲೂ ಅವರು ಹತ್ತಿರ ಹತ್ತು ವರ್ಷ ಕರ್ನಾಟಕಕ್ಕೆ ಆಡಿದರು. ರಣಜಿ ಪಂದ್ಯಕ್ಕೆ ಕ್ರೀಡಾಂಗಣ ತುಂಬುವುದಿಲ್ಲ, ನಾಲ್ಕು ದಿನ ಬಿಸಿಲಲ್ಲಿ ಬೆವರು ಸುರಿಸಿದರೂ ಟಿವಿಯಲ್ಲಿ ಮುಖ ಬರುವುದಿಲ್ಲ. ಐಪಿಎಲ್ ಶುರುವಾದದ್ದೇ 2008ರಲ್ಲಿ; ಆಗ ಅವರ ವಯಸ್ಸು ನಲವತ್ತರ ಹತ್ತಿರ. ಬೆಂಗಳೂರು ತಂಡದಲ್ಲಿ ಕೆಲವೇ ಪಂದ್ಯ ಆಡಿದರು. ಐಪಿಎಲ್ ದುಡ್ಡಿನ ಹೊಳೆ ಹರಿಯುವ ಹೊತ್ತಿಗೆ ಅವರ ತಲೆಮಾರಿನವರ ಆಟ ಬಹುತೇಕ ಮುಗಿದಿತ್ತು. ಆದರೂ ಪ್ರಥಮ ದರ್ಜೆ ಕ್ರಿಕೆಟ್‌ನಲ್ಲಿ 160 ಪಂದ್ಯ, 615 ವಿಕೆಟ್, 5000ಕ್ಕೂ ಮಿಕ್ಕಿ ರನ್. 2012ರಲ್ಲಿ ನಿವೃತ್ತಿ ಘೋಷಿಸಿದರು.

ಆಮೇಲೆ ಅವರು ನಮ್ಮಂತೆ ಮಾಸ್ತರಿಕೆ ಹಿಡಿದರು. 2014ರಲ್ಲಿ ಜಮ್ಮು–ಕಾಶ್ಮೀರ ತಂಡದ ಕೋಚ್ ಆಗಿದ್ದರು. ಆ ವರ್ಷದ ಸೆಪ್ಟೆಂಬರಿನಲ್ಲಿ ಭಾರಿ ಪ್ರವಾಹ ಬಂದು ಶ್ರೀನಗರದ ಕ್ರೀಡಾಂಗಣವೇ ನೀರಲ್ಲಿ ಮುಳುಗಿತ್ತು. ಸರಿಯಾಗಿ ಅಭ್ಯಾಸ ಮಾಡಲು ಜಾಗವಿಲ್ಲದ ಆ ತಂಡ ಡಿಸೆಂಬರಿನಲ್ಲಿ ಮುಂಬೈಗೆ ಹೋಗಿ, ವಾಂಖೆಡೆ ಮೈದಾನದಲ್ಲಿ, 40 ಸಲ ರಣಜಿ ಗೆದ್ದ ಮುಂಬೈಯನ್ನು ಸೋಲಿಸಿತು. ಗದಗದಿಂದ ಹುಬ್ಬಳ್ಳಿಗೆ ಅಲೆದವರಿಗೆ ಸೌಲಭ್ಯವಿಲ್ಲದ ಹುಡುಗರ ಮನಸ್ಸು ಅರ್ಥವಾಗುತ್ತದೆ ಎಂದು ನನ್ನ ನಂಬಿಕೆ. ಬಾಂಗ್ಲಾದೇಶ ತಂಡಕ್ಕೆ ಸ್ಪಿನ್ ಬೌಲಿಂಗ್ ಹೇಳಿಕೊಟ್ಟರು. 2020ರ ಮಾರ್ಚ್‌ನಲ್ಲಿ ಭಾರತ ತಂಡದ ಆಯ್ಕೆ ಸಮಿತಿಯ ಅಧ್ಯಕ್ಷರಾದರು. ಆಯ್ಕೆಯಾಗಲು ಕಾದವರೇ ಆಯ್ಕೆ ಮಾಡುವ ಕುರ್ಚಿಯಲ್ಲಿ ಕುಳಿತರು.

ಹೆಣ್ಣುಮಕ್ಕಳು ಇದು ಗಂಡುಹುಡುಗರ ಕಥೆ ಎಂದುಕೊಳ್ಳಬೇಡಿ. ನಮ್ಮ ಪಕ್ಕದ ವಿಜಯಪುರದ ರಾಜೇಶ್ವರಿ ಗಾಯಕವಾಡ ಕೂಡ ಎಡಗೈ ಸ್ಪಿನ್ನರ್. 2017ರ ವಿಶ್ವಕಪ್‌ನಲ್ಲಿ ನ್ಯೂಜಿಲೆಂಡ್ ವಿರುದ್ಧ ಗೆಲ್ಲಲೇಬೇಕಾದ ಪಂದ್ಯದಲ್ಲಿ 15 ರನ್ ಕೊಟ್ಟು 5 ವಿಕೆಟ್ ತೆಗೆದು ಭಾರತವನ್ನು ಸೆಮಿಫೈನಲ್‌ಗೆ ಕರೆದೊಯ್ದರು. ಅದೇ ಪಂದ್ಯದಲ್ಲಿ ಚಿಕ್ಕಮಗಳೂರು ಜಿಲ್ಲೆಯ ಕಡೂರಿನ ವೇದಾ ಕೃಷ್ಣಮೂರ್ತಿ 70 ರನ್ ಬಾರಿಸಿದರು. ವಿಜಯಪುರ, ಕಡೂರು, ಗದಗ. ಎಲ್ಲವೂ ನಮ್ಮಂಥವೇ ಊರುಗಳು.

ಈಗ ಹಿರಿಯರಿಗೆ ನನ್ನ ಮಾತು.

ನನ್ನ ಶಿಷ್ಯನೊಬ್ಬನಿದ್ದ. ಅವನೂ ಎಡಗೈಯವನೇ. ಒಳ್ಳೆಯ ಕೈ. ತಾಲ್ಲೂಕು ಗೆದ್ದ, ಜಿಲ್ಲೆಗೆ ಆಯ್ಕೆಯಾದ. ವಾರಕ್ಕೆ ಎರಡು ದಿನ ಹುಬ್ಬಳ್ಳಿಗೆ ಕಳಿಸಿರಿ ಎಂದು ಅವರಪ್ಪನಿಗೆ ಹೇಳಿದೆ. ಅವರು ಕೂಲಿ ಮಾಡುವವರು. "ಸರ್, ಬಸ್ ಚಾರ್ಜ್ ಹೆಂಗೋ ಹೊಂದಿಸ್ತೀನ್ರಿ. ಸಣ್ಣ ಹುಡುಗನ ಜೋಡಿ ನಾ ಹೋದ್ರ ನನ್ನ ಪಗಾರ ಹೊಕ್ಕೈತಿ" ಅಂದರು. ಮೂರು ವಾರ ಕಳಿಸಿದರು, ನಿಲ್ಲಿಸಿದರು. ಅವರನ್ನು ದೂರುವ ಹಕ್ಕು ಯಾರಿಗೂ ಇಲ್ಲ. ಆ ಹುಡುಗ ಈಗ ಟ್ರ್ಯಾಕ್ಟರ್ ರಿಪೇರಿ ಮಾಡುತ್ತಾನೆ, ಮರ್ಯಾದೆಯಿಂದ ಬದುಕಿದ್ದಾನೆ. ಆದರೆ ಅವನ ಕೈಯಲ್ಲಿದ್ದ ವಿದ್ಯೆ ಎಷ್ಟಿತ್ತು ಎಂಬುದು ಅವನಿಗೂ ಗೊತ್ತಾಗಲಿಲ್ಲ, ನನಗೂ ಗೊತ್ತಾಗಲಿಲ್ಲ.

ಆದ್ದರಿಂದ ಮೊದಲ ಬೇಡಿಕೆ ಹಳೆಯ ವಿದ್ಯಾರ್ಥಿಗಳಿಗೆ. ಮಹೋತ್ಸವದ ಖರ್ಚು ಕಳೆದು ಉಳಿಯುವ ಹಣವನ್ನು ಬ್ಯಾಂಕಿನಲ್ಲಿ ಇಡೋಣ. ಅದರ ಬಡ್ಡಿಯಿಂದ, ಜಿಲ್ಲಾ ಮಟ್ಟಕ್ಕೆ ಆಯ್ಕೆಯಾದ ನಮ್ಮ ಶಾಲೆಯ ಮಗುವಿಗೆ ಮತ್ತು ಜೊತೆಗೆ ಹೋಗುವ ಒಬ್ಬ ಹಿರಿಯರಿಗೆ ಬಸ್ ಚಾರ್ಜ್, ಊಟ, ಕಳೆದುಹೋದ ಒಂದು ದಿನದ ಕೂಲಿ ಕೊಡೋಣ. ಕೊಕ್ಕೊ ಇರಲಿ, ಕಬಡ್ಡಿ ಇರಲಿ, ಓಟ ಇರಲಿ, ಕ್ರಿಕೆಟ್ಟೇ ಆಗಬೇಕೆಂದಿಲ್ಲ. ನನ್ನ ಒಂದು ತಿಂಗಳ ಪಿಂಚಣಿಯನ್ನು ಇಂದೇ ಮುಖ್ಯೋಪಾಧ್ಯಾಯರ ಕೈಗೆ ಕೊಡುತ್ತಿದ್ದೇನೆ.

ಎರಡನೆಯ ಬೇಡಿಕೆ ಊರಿನ ಹಿರಿಯರಿಗೆ. ಸುವರ್ಣ ಮಹೋತ್ಸವದ ನೆನಪಿಗೆ ಸಭಾಭವನ ಕಟ್ಟಬೇಕೆಂಬ ಮಾತು ನಡೆದಿದೆ. ಸಂತೋಷ. ಆದರೆ ಅದನ್ನು ಮೈದಾನದ ಮಧ್ಯಕ್ಕೆ ತರಬೇಡಿ. ಅಡುಗೆ ಕೋಣೆಯ ಹಿಂದೆ, ಹಳೆಯ ನೀರಿನ ತೊಟ್ಟಿಯ ಬದಿಗೆ ಜಾಗವಿದೆ. ಅಲ್ಲಿ ಸ್ವಲ್ಪ ಸಣ್ಣದಾಗಿ ಕಟ್ಟೋಣ. ಸಭಾಭವನವನ್ನು ಹತ್ತು ವರ್ಷ ಬಿಟ್ಟೂ ಕಟ್ಟಬಹುದು. ಒಮ್ಮೆ ಹೋದ ಮೈದಾನವನ್ನು ಯಾರೂ ಮರಳಿ ತಂದುಕೊಡಲಾರರು. ಐವತ್ತು ವರ್ಷದ ಹಿಂದೆ ಈ ಜಾಗ ಬಿಟ್ಟುಕೊಟ್ಟವರು ಹೊಲದ ಬೆಲೆ ಗೊತ್ತಿದ್ದ ರೈತರು. ಮಕ್ಕಳು ಓಡಾಡಲಿ ಎಂದೇ ಅವರು ಕೊಟ್ಟದ್ದು.

ಮಕ್ಕಳೇ, ನೀವೆಲ್ಲರೂ ಸುನೀಲ್ ಜೋಶಿ ಆಗುತ್ತೀರಿ ಎಂದು ನಾನು ಸುಳ್ಳು ಹೇಳುವುದಿಲ್ಲ. ಲಕ್ಷಕ್ಕೊಬ್ಬರೂ ಆಗುವುದಿಲ್ಲ. ಜೋಶಿ ಗದಗದಲ್ಲೇ ಶಾಲೆ ಓದುತ್ತ ಆಡಿದರು ಎಂಬುದನ್ನು ನೆನಪಿಡಿ. ಶಾಲೆ ಬಿಟ್ಟು ಆಡಲಿಲ್ಲ. ಅವರಿಂದ ನೀವು ಕಲಿಯಬಹುದಾದದ್ದು ಒಂದಿದೆ. ಮೊದಲ ದಿನ ಬೆರಳಿಗೆ ಪೆಟ್ಟಾದರೂ ಬರಬೇಕು, ಕೊನೆಗೆ ಕರೆಯದಿದ್ದರೂ ಹಾಕುತ್ತಲೇ ಇರಬೇಕು. ಗಣಿತಕ್ಕೂ ಇದೇ ಮಾತು, ಹೊಲಕ್ಕೂ ಇದೇ ಮಾತು.