ಕಂಕನಾಡಿಯ ಪಾದ್ರಿ ವೈದ್ಯರು



ಗುಂಡ್ಲುಪೇಟೆಯ ನಮ್ಮ ಮನೆಯ ಗೂಡಿನಲ್ಲಿ ಒಂದು ಮರದ ಪೆಟ್ಟಿಗೆಯಿದ್ದಿತು. ಅದರಲ್ಲಿ ಸಾಲಾಗಿ ಪುಟ್ಟ ಸೀಸೆಗಳು. ಸೀಸೆಗಳಲ್ಲಿ ಸಾಸಿವೆಕಾಳಿನಂಥ ಬಿಳಿಯ ಗುಳಿಗೆಗಳು. ನೆಗಡಿಗೂ ಅಜೀರ್ಣಕ್ಕೂ ನೆರೆಹೊರೆಯವರು ನಮ್ಮ ತಂದೆಯವರ ಬಳಿಗೇ ಬರುತ್ತಿದ್ದರು. ಇಂಥ ಪೆಟ್ಟಿಗೆಗಳು ನಮ್ಮ ದೇಶದ ಮನೆಗಳನ್ನು ಸೇರಲು ಕಾರಣರಾದವರಲ್ಲಿ ಮಂಗಳೂರಿನ ಫಾದರ್ ಅಗಸ್ಟಸ್ ಮುಲ್ಲರ್ ಒಬ್ಬರು. ಅವರ ವಿಚಾರವಾಗಿ ಎರಡು ಮಾತುಗಳನ್ನು ತಮ್ಮ ಮುಂದಿಡಬಯಸುತ್ತೇನೆ.

ಜರ್ಮನಿಯಲ್ಲಿ 1841ರಲ್ಲಿ ಜನಿಸಿ ಜೆಸುಯಿಟ್ ಸಂಘವನ್ನು ಸೇರಿದ ಇವರು 1878ರ ಕೊನೆಯಲ್ಲಿ ಮಂಗಳೂರಿಗೆ ಬಂದರು. 1880ರಲ್ಲಿ ಕಂಕನಾಡಿಯ ಆಲದ ಮರದಡಿಯಲ್ಲಿ ಬಡವರಿಗೆ ಹೋಮಿಯೋಪತಿ ಔಷಧ ಹಂಚಲಾರಂಭಿಸಿದರು. 1890ರಲ್ಲಿ, ಸಮಾಜವು ಹೊರದೂಡಿದ್ದ ಕುಷ್ಠರೋಗಿಗಳಿಗೆ ಆಶ್ರಯ ಕಟ್ಟಿದರು. 1902ರಲ್ಲಿ ಪ್ಲೇಗು ಪೀಡಿತರಿಗೆ ಆಸ್ಪತ್ರೆ ತೆರೆದರು. ಅಂಚೆಯ ಮೂಲಕ ಊರೂರಿಗೆ ಔಷಧ ಮಾರಿ ಬಂದ ಹಣವೇ ಈ ಧರ್ಮಕಾರ್ಯಕ್ಕೆ ಆಧಾರವಾಯಿತು. 1910ರಲ್ಲಿ ಅವರು ದಿವಂಗತರಾದರು.

ಇಷ್ಟೇ ಆಗಿದ್ದರೆ ವಿವಾದಕ್ಕೆ ಎಡೆಯಿರಲಿಲ್ಲ. ಆದರೆ ಮುಲ್ಲರರು ಇಟಲಿಯ ಕೌಂಟ್ ಮಟ್ಟೆಯಿಯವರ ‘ಎಲೆಕ್ಟ್ರೋ ಹೋಮಿಯೋಪತಿ’ಯನ್ನೂ ಎತ್ತಿಹಿಡಿದರು. ಕೆಂಪು, ನೀಲಿ, ಹಸುರು ‘ವಿದ್ಯುತ್ತು’ಗಳೆಂಬ ಈ ದ್ರವಗಳ ತಯಾರಿಕೆಯನ್ನು ಮಟ್ಟೆಯಿ ಗುಟ್ಟಾಗಿಟ್ಟಿದ್ದರು, ಕ್ಯಾನ್ಸರೂ ಇವಕ್ಕೆ ಮಣಿಯುವುದೆಂದು ಸಾರಿದ್ದರು. ಹೋಮಿಯೋಪತಿಯ ಲೆಕ್ಕವನ್ನೇ ನೋಡೋಣ. ಒಂದು ಪಾಲು ಔಷಧಕ್ಕೆ ತೊಂಬತ್ತೊಂಬತ್ತು ಪಾಲು ನೀರು ಅಥವಾ ಮದ್ಯಸಾರ. ಹೀಗೆಯೇ 30 ಬಾರಿ. ಸುಮಾರು 12ನೆಯ ಬಾರಿಯನ್ನು ದಾಟಿದ ಮೇಲೆ ಮೂಲವಸ್ತುವಿನ ಒಂದು ಅಣುವಾದರೂ ಉಳಿಯುವ ಸಂಭವವಿಲ್ಲವೆಂದು ರಸಾಯನಶಾಸ್ತ್ರ ಹೇಳುತ್ತದೆ. ಈ ಪದ್ಧತಿಯು ಯಾವುದೇ ರೋಗಕ್ಕೆ ಫಲಕಾರಿಯೆನ್ನಲು ನಂಬಲರ್ಹವಾದ ಆಧಾರವಿಲ್ಲವೆಂದು 2015ರಲ್ಲಿ ಆಸ್ಟ್ರೇಲಿಯಾದ ರಾಷ್ಟ್ರೀಯ ಆರೋಗ್ಯ ಸಂಶೋಧನಾ ಮಂಡಲಿಯೂ ತೀರ್ಮಾನಿಸಿತು.

ಹಾಗಾದರೆ ಆಲದ ಮರದಡಿಯಲ್ಲಿ ಜನ ಪಡೆದುದೇನು? ಅನೇಕ ಕಾಯಿಲೆಗಳು ತಾವಾಗಿಯೇ ಇಳಿಯುವಂಥವು. ಹಸಿದವನಿಗೆ ಅನ್ನ, ಅಸ್ಪೃಶ್ಯನೆನಿಸಿದವನಿಗೆ ಮುಟ್ಟುವ ಕೈ, ನಿರ್ಮಲವಾದ ಹಾಸಿಗೆ, ವಿಶ್ರಾಂತಿ: ಇವು ಸಣ್ಣ ಚಿಕಿತ್ಸೆಗಳಲ್ಲ. ಗುಳಿಗೆಗೆ ಸಂದ ಕೀರ್ತಿಯಲ್ಲಿ ದೊಡ್ಡ ಪಾಲು ಶುಶ್ರೂಷೆಗೆ ಸೇರಬೇಕಾದುದು.

ಆದರೆ ಎಲ್ಲ ಕಾಯಿಲೆಯೂ ಕಾಯುವುದಿಲ್ಲ. ನಾನು ಬಾಲಕನಾಗಿದ್ದಾಗ ಅರಿಸಿನದ ಹೊಲದಲ್ಲಿ ಕೊಳಕುಮಂಡಲ ಕಚ್ಚಿದ ಆಳೊಬ್ಬನನ್ನು ನಾಲ್ವರು ಹೊತ್ತು ತಂದು ನಮ್ಮ ಜಗಲಿಯ ಮೇಲೆ ಮಲಗಿಸಿದರು. “ಸ್ವಾಮಿ, ಒಂದು ಗುಳಿಗೆ ಹಾಕಿ” ಎಂದು ಅವನ ತಾಯಿ ಕೈಮುಗಿದಳು. ತಂದೆಯವರು ಗೂಡಿನ ಕಡೆಗೆ ತಿರುಗಿಯೂ ನೋಡಲಿಲ್ಲ. “ಇದಕ್ಕೆ ನನ್ನಲ್ಲಿ ಮದ್ದಿಲ್ಲವಮ್ಮ” ಎಂದವರೇ ರಸ್ತೆಗೆ ಓಡಿ, ಮೈಸೂರಿನತ್ತ ಹೊರಟಿದ್ದ ಲಾರಿಯೊಂದನ್ನು ತಡೆದು, ತಾವೂ ಹತ್ತಿ ಕುಳಿತರು. ಆಸ್ಪತ್ರೆಯ ವಿಷನಿವಾರಕ ಚುಚ್ಚುಮದ್ದಿನಿಂದ ಆತ ಬದುಕಿದ. ನಮ್ಮ ತಂದೆಯವರ ವೈದ್ಯಕೀಯದಲ್ಲಿ ನಾನು ಇಂದಿಗೂ ಗೌರವಿಸುವುದು ಆ ಒಂದು ವಾಕ್ಯವನ್ನೇ.

ಮುಲ್ಲರರ ಹೆಸರಿನ ಸಂಸ್ಥೆಯಲ್ಲಿ 1985ರಲ್ಲಿ ಹೋಮಿಯೋಪತಿ ಕಾಲೇಜೂ, 1999ರಲ್ಲಿ ಆಧುನಿಕ ವೈದ್ಯಕೀಯ ಕಾಲೇಜೂ ಆರಂಭವಾದವು. ನಮ್ಮ ಚಾಮರಾಜನಗರಕ್ಕೂ 2016ರಲ್ಲಿ ಸರ್ಕಾರದ ವೈದ್ಯಕೀಯ ಕಾಲೇಜು ಬಂದಿತು. ಮಹಾಶಯರೇ, ಒಬ್ಬರ ಕರುಣೆಯು ಅವರ ಔಷಧಕ್ಕೆ ಪ್ರಮಾಣವಾಗಲಾರದು. ಔಷಧದ ದೋಷವು ಅವರ ಕರುಣೆಯನ್ನು ಅಳಿಸಲೂ ಆರದು. ಕಂಕನಾಡಿಯ ಪಾದ್ರಿಗಳಿಗೆ ಕೈಮುಗಿಯೋಣ. ಹಾವು ಕಚ್ಚಿದರೆ ಮಾತ್ರ ತಡಮಾಡದೆ ಆಸ್ಪತ್ರೆಗೆ ಹೋಗೋಣ.