ನೆತ್ತಿಯ ಮೇಲಿನ ಹಿರಿಮನೆ



ವೈಶಾಖದ ಇರುಳು ಹತ್ತರ ಸುಮಾರಿಗೆ ಭಟ್ಕಳದ ಕಡಲ ದಂಡೆಯಲ್ಲಿ ಅಂಗಾತ ಮಲಗಿ ಮೇಲೆ ನೋಡಿರಿ. ನಿಮ್ಮ ನೆತ್ತಿಗೆ ಬಲು ಸಮೀಪದಲ್ಲಿ ಒಂದು ಬೃಹತ್ ಗೆಲಾಕ್ಸಿ, ಅಂದರೆ ಕೋಟಿ ಕೋಟಿ ನಕ್ಷತ್ರಗಳ ಊರು, ಹಾದುಹೋಗುತ್ತಿರುತ್ತದೆ. ಬರಿಗಣ್ಣಿಗೆ ಕಾಣದು. ಸಣ್ಣ ದುರ್ಬೀನಿಗೆ ವಿಭೂತಿಯ ಬೆರಳು ಒರೆಸಿದಂತೆ ಒಂದು ಮಸುಕು, ಅಷ್ಟೆ. 1781ರಲ್ಲಿ ಫ್ರಾನ್ಸಿನ ಮೆಸಿಯೇ ಅದನ್ನು ಕಂಡು ತನ್ನ ಪಟ್ಟಿಯಲ್ಲಿ 87ನೆಯದಾಗಿ ಬರೆದ. ಎಂ 87 ಎಂದೇ ಹೆಸರು ನಿಂತಿತು.

ಕನ್ಯಾರಾಶಿಯ ದಿಕ್ಕಿನಲ್ಲಿ ಸಾವಿರಕ್ಕೂ ಮಿಕ್ಕ ಗೆಲಾಕ್ಸಿಗಳ ಗುಂಪೊಂದಿದೆ. ಅದರ ನಡುಮನೆಯಲ್ಲಿ ಕೂತದ್ದು ಇದು. ಬೆಳಕಿನಲ್ಲಿ ಎಂ 49 ಎಂಬುದು ತುಸು ಮುಂದು, ಆ ಮಾತು ಬೇರೆ. ಇದು ಇಷ್ಟು ದೊಡ್ಡದಾದುದು ಹೇಗೆ? ಹತ್ತಿರ ಬಂದ ಚಿಕ್ಕ ಗೆಲಾಕ್ಸಿಗಳನ್ನು ಸೆಳೆದು, ಒಡೆದು, ತನ್ನೊಳಗೆ ಸೇರಿಸಿಕೊಂಡು. ಹಿರಿದೆಂದು ನಾವು ಬೆರಗಾಗುವುದರೊಳಗೆ ಎಷ್ಟು ಕಿರಿದು ಕರಗಿದೆ ನೋಡಿ! ಅವುಗಳ ನಕ್ಷತ್ರಗಳು ಅಲ್ಲಿ ಇನ್ನೂ ಉರಿಯುತ್ತಿವೆ. ಯಾವುದು ಯಾರ ಮನೆಯದೆಂದು ವಿಂಗಡಿಸುವುದು ಬಲು ಕಷ್ಟ.

ಅದರ ನಟ್ಟನಡುವೆ ಇರುವುದು ಕತ್ತಲೆ. 650 ಕೋಟಿ ಸೂರ್ಯರ ತೂಕದ ಕಪ್ಪುಕುಳಿ. 2019ರ ಏಪ್ರಿಲ್ 10ರಂದು ಅದರ ಚಿತ್ರ ಹೊರಬಂತು: ಉರಿಯುವ ಬಳೆ, ಒಳಗೆ ಕಪ್ಪು. ಆ ಚಿತ್ರ ಮೂಡಿಸಿದ ರೇಡಿಯೋ ಕಿರಣಗಳು ಅಲ್ಲಿಂದ ಹೊರಟು 5 ಕೋಟಿ ವರ್ಷಕ್ಕೂ ಮೇಲಾಯಿತು. ಆಗ ಈ ದಂಡೆಯಲ್ಲಿ ದೋಣಿಯಿರಲಿಲ್ಲ, ದೋಣಿ ಕಟ್ಟುವ ಮನುಷ್ಯನೂ ಹುಟ್ಟಿರಲಿಲ್ಲ.