ಲೆಕ್ಕ ಸರಿಯಿದೆ, ಅಪಾಯ ಎಲ್ಲಿದೆ?

(ವಿದ್ಯಾಸಂಸ್ಥೆಗಳು ಮತ್ತು ಸೇವಾ ಟ್ರಸ್ಟುಗಳ ಪದಾಧಿಕಾರಿಗಳ ಸಭೆಯಲ್ಲಿ ಮಾಡಿದ ಭಾಷಣದ ಬರಹ ರೂಪ)



ನಾವು ಸದಸ್ಯರಾಗಿದ್ದ ಒಂದು ವಿದ್ಯಾರ್ಥಿವೇತನ ಸಮಿತಿಯ ವಿಷಯದಿಂದಲೇ ಮಾತನ್ನು ಆರಂಭಿಸುತ್ತೇವೆ. ಸಮಿತಿಯ ಖಜಾಂಚಿ 14 ವರ್ಷಗಳ ಕಾಲ ಒಂದು ಪೈಸೆಯನ್ನೂ ಆಚೀಚೆ ಮಾಡಿದವರಲ್ಲ. ಚೆಕ್ ಪುಸ್ತಕ, ಪಾಸ್ ಬುಕ್, ರಶೀದಿ ಎಲ್ಲವೂ ಅವರ ಮನೆಯ ಕಪಾಟಿನಲ್ಲಿ ಭದ್ರವಾಗಿದ್ದುವು. ಅಧ್ಯಕ್ಷರು ಹತ್ತಾರು ಖಾಲಿ ಚೆಕ್‌ಗಳಿಗೆ ಮೊದಲೇ ಸಹಿ ಹಾಕಿ ಕೊಟ್ಟು ನಿಶ್ಚಿಂತರಾಗಿದ್ದರು. ವಾರ್ಷಿಕ ಲೆಕ್ಕ ಪ್ರತಿ ಸಲವೂ ಸರಿಯಾಗಿತ್ತು. ಒಂದು ಮಳೆಗಾಲದಲ್ಲಿ ಅವರು ಹಠಾತ್ತನೆ ಕಾಯಿಲೆ ಬಿದ್ದು ದೂರದ ಆಸ್ಪತ್ರೆಗೆ ಸೇರಿದರು, ಮಾತನಾಡುವ ಸ್ಥಿತಿಯಲ್ಲೂ ಇರಲಿಲ್ಲ. ಯಾರಿಗೆ ಎಷ್ಟು ಕೊಡಬೇಕು, ಯಾರಿಗೆ ಕೊಟ್ಟಾಗಿದೆ ಎಂಬುದು ಬೇರೆ ಯಾರಿಗೂ ತಿಳಿದಿರಲಿಲ್ಲ. ನಾವೆಲ್ಲ ಸೇರಿ ದಾರಿ ಹುಡುಕುವಷ್ಟರಲ್ಲಿ ಮೂರು ವಾರಗಳು ಕಳೆದುವು. ನರ್ಸಿಂಗ್ ಓದುತ್ತಿದ್ದ ಓರ್ವ ಹುಡುಗಿಯ ಪರೀಕ್ಷಾ ಶುಲ್ಕದ ಕೊನೆಯ ದಿನ ಅದರೊಳಗೆ ದಾಟಿ ಹೋಗಿತ್ತು. ಅವಳ ಒಂದು ವರ್ಷ ವ್ಯರ್ಥವಾಯಿತು.

ಯಾರೂ ಕದಿಯಲಿಲ್ಲ, ಯಾರೂ ಸುಳ್ಳು ಹೇಳಲಿಲ್ಲ. ಹಾಗಿದ್ದೂ ಹಾನಿಯಾಯಿತು. ನಮ್ಮ ಸಂಸ್ಥೆಗಳಲ್ಲಿ ಈ ವಿಷಯವನ್ನು ಎತ್ತಿದ ಕೂಡಲೇ ಕೇಳಿಬರುವ ಪ್ರಶ್ನೆ, 'ಹಾಗಾದರೆ ನಮ್ಮ ಮೇಲೆ ನಂಬಿಕೆ ಇಲ್ಲವೇ?' ಎಂಬುದು. ಮಾತು ಅಲ್ಲಿಗೇ ನಿಂತು ಬಿಡುತ್ತದೆ. ವಸ್ತುತಃ ಇದು ನಂಬಿಕೆಯ ಪ್ರಶ್ನೆಯೇ ಅಲ್ಲ. ದೊಡ್ಡ ಸಂಸ್ಥೆಗಳು 'ರಿಸ್ಕ್' ಎಂದು ಕರೆಯುವುದು ಮನುಷ್ಯನ ಕೆಟ್ಟತನವನ್ನು ಮಾತ್ರವಲ್ಲ. ಸಂಸ್ಥೆ ಯಾವ ಉದ್ದೇಶಕ್ಕಾಗಿ ಇದೆಯೋ ಅದನ್ನು ತಪ್ಪಿಸಬಲ್ಲ ಪ್ರತಿಯೊಂದು ಅನಿಶ್ಚಿತತೆಯೂ ಅದರಲ್ಲಿ ಸೇರುತ್ತದೆ. ಖಜಾಂಚಿಯ ರಕ್ತದೊತ್ತಡವೂ ಅದರಲ್ಲೊಂದು.

ಇದನ್ನು ಜಗತ್ತಿಗೆ ಕಲಿಸಿದ ಘಟನೆಗಳಲ್ಲಿ ಒಂದನ್ನು ತುಸು ವಿವರವಾಗಿ ಹೇಳಬೇಕು. ಲಂಡನ್ನಿನ ಬೇರಿಂಗ್ಸ್ ಬ್ಯಾಂಕ್ 1762ರಲ್ಲಿ ಸ್ಥಾಪನೆಯಾಯಿತು. 1803ರಲ್ಲಿ ಅಮೆರಿಕವು ಫ್ರಾನ್ಸಿನಿಂದ ಲೂಸಿಯಾನಾ ಪ್ರದೇಶವನ್ನು ಖರೀದಿಸಿದಾಗ ಹಣ ಹೊಂದಿಸಿ ಕೊಟ್ಟವರಲ್ಲಿ ಈ ಬ್ಯಾಂಕೂ ಇತ್ತು. ಇಂತಹ ಬ್ಯಾಂಕು 1995ರ ಫೆಬ್ರವರಿಯಲ್ಲಿ ಕೆಲವೇ ದಿನಗಳಲ್ಲಿ ಕುಸಿದು ಬಿತ್ತು. ಕಾರಣ, ಸಿಂಗಾಪುರದ ಶಾಖೆಯಲ್ಲಿದ್ದ 28 ತುಂಬದ ಯುವಕ ನಿಕ್ ಲೀಸನ್. ಷೇರು ಸೂಚ್ಯಂಕದ ವಾಯಿದಾ ವ್ಯವಹಾರ ಮಾಡುತ್ತಿದ್ದವನೂ ಆತನೇ, ಆ ವ್ಯವಹಾರಗಳ ಲೆಕ್ಕ ಬರೆದು ತಾಳೆ ನೋಡುವ ವಿಭಾಗದ ಮುಖ್ಯಸ್ಥನೂ ಆತನೇ. 1992ರಲ್ಲಿ ತೆರೆಯಲಾಗಿದ್ದ 88888 ಸಂಖ್ಯೆಯ ಖಾತೆಯೊಂದರಲ್ಲಿ ಆತ ನಷ್ಟಗಳನ್ನು ಅಡಗಿಸುತ್ತಾ ಬಂದ. ಲಂಡನ್ನಿಗೆ ಕಾಣಿಸಿದ್ದು ಲಾಭ ಮಾತ್ರ. 1995ರ ಜನವರಿ 17ರಂದು ಜಪಾನಿನ ಕೋಬೆಯಲ್ಲಿ ಭೂಕಂಪವಾಯಿತು, ಅಲ್ಲಿನ ಷೇರು ಪೇಟೆ ಇಳಿಯಿತು. ಏರುತ್ತದೆಂದು ಪಣ ಕಟ್ಟಿದ್ದ ಲೀಸನ್, ಕಳೆದುದನ್ನು ಮರಳಿ ಪಡೆಯಲು ಇನ್ನಷ್ಟು ಖರೀದಿಸಿದ. ಕೊನೆಗೆ ನಷ್ಟ ನಿಂತದ್ದು 82.7 ಕೋಟಿ ಪೌಂಡಿನಲ್ಲಿ. 233 ವರ್ಷಗಳ ಬ್ಯಾಂಕನ್ನು ಡಚ್ ಸಂಸ್ಥೆ ಐಎನ್‌ಜಿ ಕೇವಲ ಒಂದು ಪೌಂಡಿಗೆ ಕೊಂಡುಕೊಂಡಿತು. ಲೀಸನ್‌ಗೆ ಆರೂವರೆ ವರ್ಷಗಳ ಸೆರೆವಾಸ ವಿಧಿಸಲಾಯಿತು.

ಆದರೆ ನಾವು ಗಮನಿಸಬೇಕಾದದ್ದು ಲೀಸನ್‌ನನ್ನಲ್ಲ. ಬ್ಯಾಂಕಿನ ಆಂತರಿಕ ಲೆಕ್ಕಪರಿಶೋಧಕರು 1994ರಲ್ಲೇ ಸಿಂಗಾಪುರಕ್ಕೆ ಹೋಗಿದ್ದರು. ವ್ಯವಹಾರ ಮಾಡುವವನೇ ಲೆಕ್ಕವನ್ನೂ ನೋಡುವುದು ಅಪಾಯಕಾರಿ, ಇವೆರಡನ್ನೂ ಬೇರ್ಪಡಿಸಬೇಕು ಎಂದು ವರದಿಯಲ್ಲಿ ಬರೆದಿದ್ದರು. ಅಂದರೆ ಅಪಾಯವನ್ನು ಗುರುತಿಸಲಾಗಿತ್ತು. ವರದಿ ಕಡತದಲ್ಲಿತ್ತು. ಅದನ್ನು ಜಾರಿಗೊಳಿಸುವ ಹೊಣೆ ಯಾರ ಹೆಗಲ ಮೇಲೂ ಇರಲಿಲ್ಲ. ಇಷ್ಟೊಂದು ಲಾಭ ಎಲ್ಲಿಂದ ಬರುತ್ತಿದೆ ಎಂದು ಮೇಲಧಿಕಾರಿಗಳು ಕೇಳಲಿಲ್ಲ, ಏಕೆಂದರೆ ಆ ಲಾಭದ ಆಧಾರದಲ್ಲೇ ಅವರ ಬೋನಸ್ಸೂ ನಿಂತಿತ್ತು. ಸಿಂಗಾಪುರದಿಂದ ಕೋರಿಕೆ ಬಂದಂತೆಲ್ಲ ಲಂಡನ್ನಿನಿಂದ ಕೋಟ್ಯಂತರ ಪೌಂಡುಗಳು ಹೋಗುತ್ತಲೇ ಇದ್ದುವು.

ನಮ್ಮ ಖಜಾಂಚಿಯನ್ನು ಲೀಸನ್‌ಗೆ ಹೋಲಿಸುವುದು ಅನ್ಯಾಯ. ನಾವು ಹೋಲಿಸುತ್ತಿರುವುದು ಎರಡು ಕಪಾಟುಗಳನ್ನು. ಎರಡರ ಬೀಗದ ಕೈಯೂ ಒಬ್ಬನ ಬಳಿಯೇ ಇತ್ತು. ಸಾಲದ ವ್ಯವಹಾರವನ್ನು ಬರೆದಿಡುವ ಕುರಿತಾದ ಸೂಕ್ತವೇ ಪವಿತ್ರ ಕುರ್‌ಆನಿನ ಅತ್ಯಂತ ದೀರ್ಘ ಸೂಕ್ತವೆಂಬುದು ಇಲ್ಲಿರುವ ಎಲ್ಲರಿಗೂ ತಿಳಿದಿದೆ. ಬರೆಯುವವನು ಬೇರೆ, ಸಾಕ್ಷಿಗಳು ಬೇರೆ ಎಂಬ ವ್ಯವಸ್ಥೆ ಅದರಲ್ಲಿದೆ. ತಿಳಿದೂ ನಾವು ಖಾಲಿ ಚೆಕ್‌ಗೆ ಸಹಿ ಹಾಕುತ್ತೇವೆ!

ಇನ್ನು ನಮ್ಮ ದೇಶದ ಉದಾಹರಣೆಗೆ ಬರೋಣ. ಮುಂಬೈಯ ಪಂಜಾಬ್ ಆ್ಯಂಡ್ ಮಹಾರಾಷ್ಟ್ರ ಸಹಕಾರಿ ಬ್ಯಾಂಕಿಗೆ ಕರ್ನಾಟಕದಲ್ಲೂ ಶಾಖೆಗಳಿದ್ದುವು. 2019ರ ಸೆಪ್ಟೆಂಬರಿನಲ್ಲಿ ರಿಸರ್ವ್ ಬ್ಯಾಂಕ್ ಅದರ ಮೇಲೆ ನಿರ್ಬಂಧ ಹೇರಿತು. ಆರಂಭದಲ್ಲಿ ಠೇವಣಿದಾರರಿಗೆ ತಮ್ಮದೇ ಹಣದಿಂದ ತೆಗೆಯಲು ಅನುಮತಿಯಿದ್ದದ್ದು ಬರೇ 1,000 ರೂಪಾಯಿ. ಬ್ಯಾಂಕಿನ ಒಟ್ಟು ಸಾಲದ ಶೇಕಡಾ 70ಕ್ಕೂ ಹೆಚ್ಚು ಪಾಲು ಎಚ್‌ಡಿಐಎಲ್ ಎಂಬ ಒಂದೇ ಕಟ್ಟಡ ನಿರ್ಮಾಣ ಸಮೂಹಕ್ಕೆ ಹೋಗಿತ್ತು. ಅದನ್ನು ಮರೆಮಾಚಲು 21 ಸಾವಿರಕ್ಕೂ ಮಿಕ್ಕ ನಕಲಿ ಸಾಲದ ಖಾತೆಗಳನ್ನು ಸೃಷ್ಟಿಸಲಾಗಿತ್ತೆಂದು ಪೊಲೀಸರು ಆರೋಪಿಸಿದರು. ಲೆಕ್ಕಪತ್ರದಲ್ಲಿ ಎಲ್ಲವೂ ಸರಿಯಾಗಿಯೇ ಕಾಣುತ್ತಿತ್ತು. 2022ರ ಜನವರಿಯಲ್ಲಿ ಆ ಬ್ಯಾಂಕು ಯೂನಿಟಿ ಸ್ಮಾಲ್ ಫೈನಾನ್ಸ್ ಬ್ಯಾಂಕಿನಲ್ಲಿ ವಿಲೀನವಾಯಿತು. ದೊಡ್ಡ ಠೇವಣಿದಾರರ ಹಣ 10 ವರ್ಷಗಳವರೆಗೆ ಹಂತ ಹಂತವಾಗಿ ಮರಳುವ ವ್ಯವಸ್ಥೆಯಾಯಿತು.

ಎಲ್ಲವನ್ನೂ ಒಂದೇ ಕಡೆ ಇಡುವ ಅಪಾಯ ಇದು. ಪಟ್ಟಣದ ಬ್ಯಾಂಕಿಗೆ ಮಾತ್ರ ಇದು ಅನ್ವಯಿಸುವುದೆಂದು ಭಾವಿಸಬೇಡಿ. ಒಬ್ಬನೇ ದಾನಿಯನ್ನು ನಂಬಿ ನಡೆಯುವ ಶಾಲೆ ನಮ್ಮಲ್ಲಿ ಎಷ್ಟಿಲ್ಲ? ಗಲ್ಫಿನಲ್ಲಿ ಆತನ ವ್ಯಾಪಾರ ಕುಸಿದ ತಿಂಗಳಲ್ಲೇ ಇಲ್ಲಿ ಶಿಕ್ಷಕಿಯರ ಸಂಬಳ ನಿಲ್ಲುತ್ತದೆ.

ಠೇವಣಿ ವಿಮೆಯ ಕುರಿತು ನಮ್ಮ ಕುಟುಂಬಗಳಲ್ಲಿ ಬಹಳಷ್ಟು ತಪ್ಪು ತಿಳುವಳಿಕೆ ಇದೆ. 2020ರ ಫೆಬ್ರವರಿಯಲ್ಲಿ ವಿಮೆಯ ಮಿತಿಯನ್ನು 1 ಲಕ್ಷದಿಂದ 5 ಲಕ್ಷ ರೂಪಾಯಿಗೆ ಏರಿಸಲಾಯಿತು. ಇದು ಒಂದು ಬ್ಯಾಂಕಿನಲ್ಲಿ ಒಬ್ಬ ಠೇವಣಿದಾರನಿಗೆ ಇರುವ ಮಿತಿ, ಅಸಲು ಬಡ್ಡಿ ಎಲ್ಲವೂ ಸೇರಿ. ಒಂದೇ ಬ್ಯಾಂಕಿನ ಮೂರು ಶಾಖೆಗಳಲ್ಲಿ ಹಂಚಿಟ್ಟರೆ ಮೂರು ಪಾಲು ರಕ್ಷಣೆ ಸಿಗುವುದಿಲ್ಲ, ಎಲ್ಲವನ್ನೂ ಕೂಡಿಸಿಯೇ ಲೆಕ್ಕ ಹಾಕುತ್ತಾರೆ. ಅದಕ್ಕಿಂತಲೂ ಮುಖ್ಯವಾಗಿ, ಬೀದಿ ಬೀದಿಯಲ್ಲಿರುವ ಪತ್ತಿನ ಸಹಕಾರ ಸಂಘಗಳಿಗೂ ಸೌಹಾರ್ದ ಪತ್ತಿನ ಸಹಕಾರಿಗಳಿಗೂ ಈ ವಿಮೆ ಇಲ್ಲವೇ ಇಲ್ಲ. ಬ್ಯಾಂಕಿನಂತೆ ಕೌಂಟರ್ ಇದೆ, ಪಾಸ್ ಬುಕ್ ಇದೆ, ಆದ್ದರಿಂದ ಬ್ಯಾಂಕೇ ಇರಬೇಕೆಂದು ಜನ ತಿಳಿಯುತ್ತಾರೆ.

2019ರ ಜೂನ್‌ನಲ್ಲಿ ಬೆಂಗಳೂರಿನ ಐಎಂಎ ಸಂಸ್ಥೆ ಮುಚ್ಚಿದಾಗ ದೂರು ಕೊಡಲು ಸಾಲುಗಟ್ಟಿ ನಿಂತವರಲ್ಲಿ ಬಹುಪಾಲು ನಮ್ಮದೇ ಸಮುದಾಯದವರು. ಮಗಳ ಮದುವೆಗೆ ಕೂಡಿಟ್ಟ ಹಣ, ನಿವೃತ್ತಿಯ ಹಣ, ಮಾರಿದ ಚಿನ್ನದ ಹಣ ಅದರಲ್ಲಿತ್ತು. ಅವರನ್ನು ಅಲ್ಲಿ ಠೇವಣಿದಾರರೆಂದು ಅಲ್ಲ, ಪಾಲುದಾರರೆಂದು ಸೇರಿಸಿಕೊಳ್ಳಲಾಗಿತ್ತು. ಪಾಲುದಾರನಿಗೆ ಠೇವಣಿ ವಿಮೆ ಇರುವುದಿಲ್ಲ. ಬಡ್ಡಿ ಬೇಡವೆಂದು ಲಾಭ ನಷ್ಟದ ಪಾಲುದಾರಿಕೆಗೆ ಹೋಗುವವನು, ವ್ಯಾಪಾರ ಯಾವುದು, ಅದರ ಲೆಕ್ಕ ಎಲ್ಲಿ, ನಷ್ಟದ ತಿಂಗಳು ಒಂದೂ ಏಕೆ ಇಲ್ಲ ಎಂದು ಕೇಳಬೇಕಾಗಿತ್ತು. ಕೇಳಿದವರನ್ನು ಸಮುದಾಯದ ಏಳಿಗೆ ಸಹಿಸದವರೆಂದು ಹೀಗಳೆದವರೂ ಇದ್ದರು. ಇದು ಕಹಿ ಮಾತು, ಆದರೂ ಹೇಳಲೇಬೇಕಾಗಿದೆ.

ಹಾಗಾದರೆ ಸಂಸ್ಥೆಗಳು ಇದನ್ನು ನಿಭಾಯಿಸುವುದು ಹೇಗೆ? ಕಂಪೆನಿಗಳಲ್ಲಿ ಇದಕ್ಕೆಂದೇ ಸಮಿತಿಗಳಿವೆ, ಅಂತಾರಾಷ್ಟ್ರೀಯ ಮಾನದಂಡಗಳಿವೆ. ಅವುಗಳ ಭಾಷೆ ಭಾರೀ ಕಠಿಣ, ಒಳಗಿನ ವಿಚಾರ ಸರಳ. ಕುಳಿತು, ಏನೇನು ತಪ್ಪಾಗಬಹುದೆಂದು ಬರೆಯಬೇಕು. ಪ್ರತಿಯೊಂದರ ಎದುರಿಗೆ ಅದು ಸಂಭವಿಸುವ ಸಾಧ್ಯತೆಗೆ 1ರಿಂದ 5ರೊಳಗೆ ಒಂದು ಅಂಕ, ಸಂಭವಿಸಿದರೆ ಆಗುವ ಹಾನಿಗೆ ಇನ್ನೊಂದು ಅಂಕ ಕೊಟ್ಟು ಗುಣಿಸಬೇಕು. ಬಂದ ಸಂಖ್ಯೆ ಯಾವುದರದ್ದು ದೊಡ್ಡದೋ ಅದು ಮೊದಲು. ಆದರೆ ಗುಣಾಕಾರವನ್ನೇ ಕುರುಡಾಗಿ ನಂಬುವಂತಿಲ್ಲ. 2004ರ ಜುಲೈ 16ರಂದು ತಮಿಳುನಾಡಿನ ಕುಂಭಕೋಣದ ಶಾಲೆಯೊಂದರ ಅಡುಗೆ ಕೋಣೆಯ ಬೆಂಕಿ ಗರಿಯ ಮಾಡಿಗೆ ಹಬ್ಬಿ 94 ಮಕ್ಕಳು ಮಡಿದರು. ಅದರ ಹಿಂದಿನ ದಿನ ಯಾರನ್ನು ಕೇಳಿದರೂ ಸಾಧ್ಯತೆಗೆ 1 ಅಂಕವನ್ನೇ ಕೊಡುತ್ತಿದ್ದರೇನೋ. ಮಕ್ಕಳ ಪ್ರಾಣದ ವಿಷಯದಲ್ಲಿ ಅಂಕ ಎಷ್ಟೇ ಇರಲಿ, ಅದು ಪಟ್ಟಿಯ ಮೇಲೆಯೇ ಇರಬೇಕು.

ಬರೆದಾದ ಮೇಲೆ ಒಂದೊಂದನ್ನೂ ಏನು ಮಾಡುವುದೆಂದು ತೀರ್ಮಾನಿಸಬೇಕು. ಕೆಲವನ್ನು ಕೈಬಿಡಬಹುದು: ಸುಸ್ಥಿತಿಯಲ್ಲಿಲ್ಲದ ಶಾಲಾ ವಾಹನವನ್ನು ಓಡಿಸದಿದ್ದರೆ ಆ ಅಪಾಯವೇ ಇಲ್ಲ. ಕೆಲವನ್ನು ಕಡಿಮೆ ಮಾಡಬಹುದು, ಕೆಲವನ್ನು ಇತರರೊಂದಿಗೆ ಹಂಚಿಕೊಳ್ಳಬಹುದು. ಉಳಿದವನ್ನು ಒಪ್ಪಿಕೊಂಡು, ಅದಕ್ಕಾಗಿ ಒಂದಿಷ್ಟು ಹಣವನ್ನು ಪ್ರತ್ಯೇಕವಾಗಿ ತೆಗೆದಿಡಬೇಕು. ಪ್ರತಿ ಅಪಾಯದ ಮುಂದೆ ಒಬ್ಬರ ಹೆಸರು ಮತ್ತು ಒಂದು ತಾರೀಕು ಇರಲೇಬೇಕು. 'ಸಮಿತಿ' ಎಂದು ಬರೆದರೆ ಯಾರೂ ಅಲ್ಲವೆಂದೇ ಅರ್ಥ. ಬೇರಿಂಗ್ಸ್‌ನ ವರದಿಗೆ ಇಲ್ಲದೇ ಹೋದದ್ದು ಇದೇ.

ನಮ್ಮ ಸಮಿತಿ ಈಗ ಖಾಲಿ ಚೆಕ್‌ಗೆ ಸಹಿ ಹಾಕುವುದಿಲ್ಲ. ಚೆಕ್ ಬರೆಯುವವರು ಒಬ್ಬರು, ತಿಂಗಳಿಗೊಮ್ಮೆ ಬ್ಯಾಂಕಿನ ಲೆಕ್ಕದೊಂದಿಗೆ ತಾಳೆ ನೋಡುವವರು ಇನ್ನೊಬ್ಬರು. ಆ ಇನ್ನೊಬ್ಬರು ಒಂದು ಶಾಲೆಯ ಗಣಿತ ಶಿಕ್ಷಕಿ, ಯಾರ ಮುಲಾಜಿಗೂ ಒಳಗಾಗುವವರಲ್ಲ. ಹಣ ಎರಡು ಬ್ಯಾಂಕುಗಳಲ್ಲಿದೆ. ಪರೀಕ್ಷಾ ಶುಲ್ಕದ ದಿನಾಂಕಗಳ ಪಟ್ಟಿ ಮೂವರ ಬಳಿ ಇದೆ. ಹಳೆಯ ಖಜಾಂಚಿ ಚೇತರಿಸಿಕೊಂಡು ಮರಳಿದಾಗ ಈ ಬದಲಾವಣೆಯಿಂದ ಮನನೊಂದರು, ಕೆಲವು ತಿಂಗಳು ಸಭೆಗೂ ಬರಲಿಲ್ಲ. ಬಳಿಕ ಅವರೇ ಪಟ್ಟಿಗೆ ಒಂದು ಸಾಲನ್ನು ಸೇರಿಸಿದರು: ರಶೀದಿ ಪುಸ್ತಕಗಳಿರುವ ಕೋಣೆಯ ಮಾಡು ಸೋರುತ್ತಿದೆ. ನಮ್ಮಲ್ಲಿ ಬೇರೆ ಯಾರೂ ಅದನ್ನು ಗಮನಿಸಿರಲಿಲ್ಲ.

ಆ ಪಟ್ಟಿ ಸಾಮಾನ್ಯ ನೋಟ್ ಪುಸ್ತಕದ ಎರಡು ಪುಟಗಳಷ್ಟಿದೆ, 17 ಸಾಲುಗಳು. ಅದರಲ್ಲಿ ನಾಲ್ಕಕ್ಕೆ ಇನ್ನೂ ಪರಿಹಾರ ಸಿಕ್ಕಿಲ್ಲ. ಪುಸ್ತಕವನ್ನು ಇಲ್ಲಿಗೆ ತಂದಿದ್ದೇವೆ. ಸಭೆ ಮುಗಿದ ಬಳಿಕ ಬೇಕಾದವರು ನಕಲು ಮಾಡಿಕೊಳ್ಳಬಹುದು.